ಹವ್ಯಕ ಕನ್ನಡದ ‘ಹೇಳಿ’: ಅರ್ಥ ಮತ್ತು ವ್ಯಾಕರಣ

ಕಬಕ, ಪುತ್ತೂರು, ಸುಳ್ಯ ಪರಿಸರದ ಹವ್ಯಕ ಕನ್ನಡದಲ್ಲಿ ‘ಹೇಳು’ ಧಾತುವಿಗೆ ಎರಡು ಕಾರ್ಯಗಳಿವೆ. ಡಿ. ಎನ್. ಶಂಕರ ಭಟ್ಟರು ಈ ಉಪಭಾಷೆಯ ವ್ಯಾಕರಣವನ್ನು 1971ರಲ್ಲಿ ಪ್ರಕಟಿಸಿದ್ದಾರೆ. ‘ನಾಳೆ ಬತ್ತೆ ಹೇಳಿ ಹೇಳಿದ’ ಎಂಬ ವಾಕ್ಯದಲ್ಲಿ ‘ಹೇಳಿದ’ ಎಂಬುದು ಮುಖ್ಯ ಕ್ರಿಯಾಪದ. ಅದರ ಹಿಂದಿನ ‘ಹೇಳಿ’ ಶಿಷ್ಟ ಕನ್ನಡದ ‘ಎಂದು’ ಇರುವ ಸ್ಥಾನದಲ್ಲಿದೆ. ಇದನ್ನು ಪುನರುಕ್ತಿಯೆಂದು ತಿದ್ದುವುದು ಯುಕ್ತವಲ್ಲ.

‘ಮಳೆ ಬಕ್ಕು ಹೇಳಿ ಗ್ರೇಶಿದೆ’ (ಮಳೆ ಬಂದೀತೆಂದು ಭಾವಿಸಿದೆ) ಎಂಬಲ್ಲಿ ಯಾರೂ ಏನನ್ನೂ ನುಡಿದಿಲ್ಲ. ‘ಹೇಳಿ’ಯ ಮೂಲಾರ್ಥ ಇಲ್ಲಿ ಲುಪ್ತವಾಗಿದೆ, ಉಪವಾಕ್ಯವನ್ನು ಮುಖ್ಯವಾಕ್ಯಕ್ಕೆ ಜೋಡಿಸುವ ಕಾರ್ಯವಷ್ಟೇ ಉಳಿದಿದೆ.

ಈ ಪಲ್ಲಟ ಒಂದೇ ರೂಪಕ್ಕೆ ಸೀಮಿತವಲ್ಲ. ‘ಎಂಬ’ ಎನ್ನುವಲ್ಲಿ ‘ಹೇಳ್ತ’, ‘ಎಂದರೆ’ ಎನ್ನುವಲ್ಲಿ ‘ಹೇಳಿರೆ’, ‘ಏಕೆಂದರೆ’ ಎನ್ನುವಲ್ಲಿ ‘ಎಂತಕೆ ಹೇಳಿರೆ’ ಬಳಕೆಯಲ್ಲಿವೆ. ‘ಎನ್ನು’ ಧಾತುವಿನ ಈ ಕಾರ್ಯಗಳನ್ನೆಲ್ಲ ‘ಹೇಳು’ ವಹಿಸಿಕೊಂಡಿದೆ.

ನೆರೆಯ ತುಳುವಿನಲ್ಲಿಯೂ ‘ಹೇಳು’ ಎಂಬರ್ಥದ ‘ಪಣ್’ ಧಾತುವಿನ ‘ಪಂಡ್‌ದ್’, ‘ಪಂಡ’ ರೂಪಗಳು ಇದೇ ಕೆಲಸ ಮಾಡುತ್ತವೆ. ಈ ಸಾಮ್ಯವು ಭಾಷಾಸಂಪರ್ಕವನ್ನು ಸೂಚಿಸುತ್ತದೆ. ಆದರೆ ಅದೊಂದೇ ನಿರ್ಣಾಯಕವಲ್ಲ. ‘ಎನ್ನು’ ಧಾತುವೂ ಮೂಲತಃ ನುಡಿಯುವ ಅರ್ಥದ್ದೇ. ಕನ್ನಡ ಹಿಂದೊಮ್ಮೆ ಸಾಗಿದ ದಾರಿಯನ್ನೇ ಹವ್ಯಕವು ಹೊಸ ಧಾತುವಿನಿಂದ ಮತ್ತೆ ಸಾಗಿರಲೂಬಹುದು. ತುಳು ಪರಿಸರದ ಹೊರಗಿನ ಉತ್ತರ ಕನ್ನಡದ ಹವ್ಯಕದೊಡನೆ ಹೋಲಿಸಿ ನೋಡುವುದು ಈ ಎರಡು ಸಾಧ್ಯತೆಗಳ ವಿವೇಚನೆಗೆ ಅವಶ್ಯ.