ಕಡಲಿಗೂ ಬೇಕು ಮೀಸಲು

ಶೃಂಗೇರಿಗೆ ಹೋದವರು ಶಾರದಾಂಬೆಯ ದರ್ಶನ ಮುಗಿಸಿ, ತುಂಗೆಯ ಮೆಟ್ಟಿಲುಗಳ ಮೇಲೆ ನಿಂತು ಮೀನುಗಳನ್ನು ನೋಡದೆ ಹಿಂದಿರುಗುವುದಿಲ್ಲ. ಒಂದು ಹಿಡಿ ಮಂಡಕ್ಕಿ ಎರಚಿದರೆ ಸಾಕು, ಮೊಳದುದ್ದದ ಮೀನುಗಳು ಹಿಂಡುಹಿಂಡಾಗಿ ಕಾಲ ಬುಡಕ್ಕೇ ಬರುತ್ತವೆ. ದಕ್ಷಿಣ ಕನ್ನಡದ ಶಿಶಿಲದಲ್ಲಿಯೂ ಇದೇ ನೋಟ. ಅವು ದೇವರ ಮೀನುಗಳು. ಅಲ್ಲಿ ಗಾಳ ಹಾಕುವವರಿಲ್ಲ, ಬಲೆ ಬೀಸುವವರಿಲ್ಲ. ಮನುಷ್ಯನು ಕೈ ತಡೆದುಕೊಂಡರೆ ಒಂದು ತುಂಡು ನೀರಿನಲ್ಲಿ ಜೀವವು ಹೇಗೆ ತುಂಬಿಕೊಳ್ಳುತ್ತದೆ ಎಂಬುದಕ್ಕೆ ಇದಕ್ಕಿಂತ ಸರಳವಾದ ನಿದರ್ಶನ ಬೇಕಿಲ್ಲ. ಈ ತತ್ತ್ವವನ್ನೇ ಸಮುದ್ರಕ್ಕೆ ಅನ್ವಯಿಸಿ, ಭಕ್ತಿಯ ಸ್ಥಾನದಲ್ಲಿ ಶಾಸನವನ್ನು ನಿಲ್ಲಿಸಿದರೆ ಅದೇ ‘ಸಾಗರ ಸಂರಕ್ಷಿತ ಪ್ರದೇಶ’ವೆನಿಸುತ್ತದೆ.

ಹಾಗೆಂದರೇನು?

ಸಮುದ್ರದ ಒಂದು ನಿರ್ದಿಷ್ಟ ಭಾಗವನ್ನು ಗುರುತಿಸಿ, ಅಲ್ಲಿಯ ಜೀವರಾಶಿಯ ದೀರ್ಘಕಾಲದ ಉಳಿವಿಗಾಗಿ ಮನುಷ್ಯನ ಚಟುವಟಿಕೆಗಳಿಗೆ ಮಿತಿ ಹಾಕುವುದೇ ಇದರ ತಿರುಳು. ಮಿತಿಯಲ್ಲಿ ತರತಮಗಳುಂಟು. ಕೆಲವೆಡೆ ಯಾಂತ್ರಿಕ ದೋಣಿಗಳಿಗೆ ಮಾತ್ರ ತಡೆ. ಕೆಲವೆಡೆ ಗಾಳಕ್ಕೆ ಅವಕಾಶ, ಬಲೆಗೆ ನಿಷೇಧ. ಇನ್ನು ಕೆಲವೆಡೆ ಒಂದು ಚಿಪ್ಪನ್ನೂ ಎತ್ತುವಂತಿಲ್ಲ. ಈ ಕೊನೆಯ ಬಗೆಯದೇ ಪೂರ್ಣ ಮೀಸಲು.

ಕಡಲಿಗೆ ಬಿಡುವು ಕೊಡುವುದು ನಮ್ಮವರಿಗೆ ಹೊಸದೇನೂ ಅಲ್ಲ. ಮುಂಬಯಿಯ ಕೋಳಿ ಸಮಾಜದವರಲ್ಲಿ ನಾರಳಿ ಹುಣ್ಣಿಮೆಯಂದು ಸಮುದ್ರಕ್ಕೆ ತೆಂಗಿನಕಾಯಿ ಅರ್ಪಿಸಿದ ಮೇಲೆಯೇ ದೋಣಿ ಇಳಿಸುವ ಸಂಪ್ರದಾಯವಿದೆ. ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನಗಳ ಕಾಲ, ಯಾಂತ್ರಿಕ ಮೀನುಗಾರಿಕೆಗೆ ಸರಕಾರದ ನಿಷೇಧವಿದೆ. ಇದು ಕಾಲದ ಮೀಸಲು. ಸಂರಕ್ಷಿತ ಪ್ರದೇಶವಾದರೋ ಸ್ಥಳದ ಮೀಸಲು. ಮೊದಲನೆಯದು ಮೀನಿಗೆ ಎರಡು ತಿಂಗಳ ವಿರಾಮ ಕೊಡುತ್ತದೆ. ಎರಡನೆಯದು ಅದಕ್ಕೆ ಮುಪ್ಪಿನವರೆಗೂ ಬೆಳೆಯುವ ಅವಕಾಶವನ್ನು ಕೊಡುತ್ತದೆ.

ದೊಡ್ಡ ಮೀನಿನ ಮಹತ್ವ

ಮುಪ್ಪಿನವರೆಗೆ ಬೆಳೆದರೆ ಏನು ಲಾಭ? ಮೀನಿನ ಸಂತಾನಶಕ್ತಿಯ ಲೆಕ್ಕಾಚಾರ ಅಚ್ಚರಿ ಹುಟ್ಟಿಸುವಂಥದು. ಮೆಕ್ಸಿಕೋ ಕೊಲ್ಲಿಯ ಕೆಂಪು ಸ್ನ್ಯಾಪರ್ ಮೀನನ್ನೇ ನೋಡಬಹುದು. 61 ಸೆಂಟಿಮೀಟರ್ ಉದ್ದದ ಒಂದು ಹೆಣ್ಣು ಮೀನು ಇಡುವಷ್ಟು ಮೊಟ್ಟೆಗಳನ್ನು ಇಡಲು 42 ಸೆಂಟಿಮೀಟರಿನ 212 ಮೀನುಗಳು ಬೇಕು. ಬಲೆಗೆ ಮೊದಲು ಬಲಿಯಾಗುವುದು ದೊಡ್ಡ ಮೀನೇ. ಆದುದರಿಂದ ಹಿಡಿತ ಹೆಚ್ಚಿದಂತೆಲ್ಲ ಕಡಲಿನಲ್ಲಿ ಉಳಿಯುವುದು ಹರೆಯದ ಸಣ್ಣ ಮೀನುಗಳು. ಅವುಗಳಿಂದ ಹುಟ್ಟುವ ಸಂತತಿಯೂ ಕಡಮೆ.

ಮೀಸಲಿನೊಳಗೆ ಬೆಳೆದ ಮೀನು ಹೊರಗಿನವರಿಗೆ ಎರಡು ಬಗೆಯಲ್ಲಿ ಒದಗುತ್ತದೆ. ಒಳಗೆ ಇಕ್ಕಟ್ಟಾದಾಗ ಬೆಳೆದ ಮೀನುಗಳೇ ಗಡಿ ದಾಟಿ ಬರುತ್ತವೆ. ಅದಕ್ಕಿಂತ ಮುಖ್ಯವಾಗಿ, ಮೊಟ್ಟೆಗಳೂ ಕಣ್ಣಿಗೆ ಕಾಣದಷ್ಟು ಸಣ್ಣ ಮರಿಗಳೂ ನೀರಿನ ಹರಿವಿನಲ್ಲಿ ತೇಲುತ್ತ ದೂರದೂರದ ದಿಬ್ಬಗಳನ್ನು ಸೇರುತ್ತವೆ. ರೈತನು ಬಿತ್ತನೆಗೆಂದು ತೆಗೆದಿಟ್ಟ ಬೀಜದ ಹಾಗೆ, ಈ ಮೀಸಲು ಮುಂದಿನ ಬೆಳೆಯ ಮೂಲಧನ.

ನ್ಯೂಜಿಲೆಂಡಿನಲ್ಲಿ 1975ರಲ್ಲಿ ಗೋಟ್ ಐಲೆಂಡ್ ಎಂಬಲ್ಲಿ ಸುಮಾರು 5 ಚದರ ಕಿಲೋಮೀಟರ್ ಕಡಲನ್ನು ಪೂರ್ಣ ಮೀಸಲಾಗಿ ಘೋಷಿಸಲಾಯಿತು. ಆಗ ಅಲ್ಲಿಯ ಬಂಡೆಗಳು ಬಹುಪಾಲು ಬೋಳಾಗಿದ್ದವು. ಮೈಯೆಲ್ಲ ಮುಳ್ಳುಳ್ಳ ಅರ್ಚಿನ್ ಎಂಬ ಜೀವಿಗಳು ವಿಪರೀತವಾಗಿ ಹೆಚ್ಚಿ ಕಡಲಕಳೆಯನ್ನು ಮೇಯ್ದು ಬಿಟ್ಟಿದ್ದವು. ಮೀನುಗಾರಿಕೆ ನಿಂತ ಮೇಲೆ ಸ್ನ್ಯಾಪರ್ ಮೀನುಗಳೂ ಲಾಬ್‌ಸ್ಟರುಗಳೂ ಹೆಚ್ಚಿದವು; ಅವು ಅರ್ಚಿನ್‌ಗಳನ್ನು ತಿಂದವು; ವರ್ಷಗಳು ಕಳೆದಂತೆ ಬೋಳು ಬಂಡೆಗಳ ಮೇಲೆ ಕಡಲಕಳೆಯ ಕಾಡು ಮತ್ತೆ ಎದ್ದಿತು. ಯಾರೂ ಅಲ್ಲಿ ಒಂದು ಗಿಡ ನೆಡಲಿಲ್ಲ.

ಸುಮಿಲೋನಿನ ಪಾಠ

ಮೀಸಲಿನಿಂದ ಮೀನು ಹೆಚ್ಚುವುದು ಸರಿ. ಹಿಡಿಯುವ ಜಾಗ ಕಡಮೆಯಾದ ಬಡ ಬೆಸ್ತನ ಗತಿಯೇನು? ಇದು ನ್ಯಾಯವಾದ ಪ್ರಶ್ನೆ. ಇದಕ್ಕೆ ಉತ್ತರ ದೊರೆತದ್ದು ಫಿಲಿಪ್ಪೀನ್ಸ್ ದೇಶದ ಸುಮಿಲೋನ್ ಎಂಬ ಪುಟ್ಟ ದ್ವೀಪದಲ್ಲಿ. ಅಲ್ಲಿಯ ಸಿಲ್ಲಿಮನ್ ವಿಶ್ವವಿದ್ಯಾಲಯದ ಜೀವವಿಜ್ಞಾನಿ ಏಂಜೆಲ್ ಆಲ್ಕಾಲಾ ಅವರ ಪ್ರಯತ್ನದಿಂದ 1974ರಲ್ಲಿ ದ್ವೀಪದ ಸುತ್ತಲಿನ ಹವಳದ ದಿಬ್ಬದ ಕಾಲು ಭಾಗವನ್ನು ಮೀಸಲಾಗಿಸಲಾಯಿತು. ಉಳಿದ ಮುಕ್ಕಾಲು ಭಾಗದಲ್ಲಿ ಮೀನುಗಾರಿಕೆ ಎಂದಿನಂತೆ ನಡೆಯಿತು.

1984ರಲ್ಲಿ ಈ ವ್ಯವಸ್ಥೆ ಕುಸಿದು ಮೀಸಲಿನೊಳಕ್ಕೂ ಬಲೆಗಳು ನುಗ್ಗಿದವು. ಈಗ ಇಡೀ ದಿಬ್ಬವೇ ಮೀನುಗಾರರಿಗೆ ತೆರೆದಿತ್ತು. ಸಾಮಾನ್ಯ ಲೆಕ್ಕದಂತೆ ಹಿಡಿತ ಹೆಚ್ಚಬೇಕಾಗಿತ್ತು. ಆದರೆ ಒಂದೆರಡು ವರ್ಷಗಳಲ್ಲಿಯೇ ದ್ವೀಪದ ಒಟ್ಟು ಹಿಡಿತ ಶೇಕಡಾ 54ರಷ್ಟು ಇಳಿದುಹೋಯಿತು. ಕಾಲು ಭಾಗವನ್ನು ಮುಟ್ಟದೆ ಇದ್ದಾಗ ಮುಕ್ಕಾಲು ಭಾಗದಲ್ಲಿ ದೊರೆಯುತ್ತಿದ್ದ ಮೀನಿನ ಅರ್ಧದಷ್ಟೂ, ಇಡೀ ದಿಬ್ಬವನ್ನು ಬಾಚಿದಾಗ ದೊರೆಯಲಿಲ್ಲ. ಬಿತ್ತನೆಯ ಬೀಜವನ್ನೇ ಬೇಯಿಸಿ ಉಂಡಂತಾಯಿತು.

ಅದೇ ದೇಶದ ಆಪೋ ದ್ವೀಪದಲ್ಲಿ ಮಾತ್ರ ಕಥೆ ಬೇರೆಯಾಯಿತು. ಅಲ್ಲಿ 1982ರ ಸುಮಾರಿಗೆ ಆಲ್ಕಾಲಾ ಅವರ ಸಲಹೆಯಂತೆ ಗ್ರಾಮಸ್ಥರೇ ಕರಾವಳಿಯ ಒಂದು ತುಂಡನ್ನು ಮೀಸಲಿಟ್ಟರು, ತಾವೇ ಸರದಿಯಂತೆ ಕಾವಲು ನಿಂತರು. ಕಾಯುವವನು ಪರಸ್ಥಳದ ಅಧಿಕಾರಿಯಾಗಿರದೆ ನೆರೆಮನೆಯವನೇ ಆದ್ದರಿಂದ ಆ ಮೀಸಲು ಉಳಿದುಬಂದಿತು.

ಮೆಕ್ಸಿಕೋದ ಕಾಬೋ ಪುಲ್ಮೋದಲ್ಲಿಯೂ ಇದೇ ಅನುಭವ. 1995ರಲ್ಲಿ ರಾಷ್ಟ್ರೀಯ ಉದ್ಯಾನವಾದ ಈ ಕಡಲ ಭಾಗವನ್ನು ಊರವರೇ ಮುಂದೆ ನಿಂತು ಕಾಯ್ದರು. 1999ರಿಂದ 2009ರವರೆಗಿನ ಹತ್ತು ವರ್ಷಗಳಲ್ಲಿ ಅಲ್ಲಿಯ ಮೀನುಗಳ ಒಟ್ಟು ತೂಕ ಶೇಕಡಾ 463ರಷ್ಟು ಹೆಚ್ಚಿದುದನ್ನು ವಿಜ್ಞಾನಿಗಳು ದಾಖಲಿಸಿದ್ದಾರೆ.

ನಮ್ಮ ದೇಶದಲ್ಲಿ

ಭಾರತದಲ್ಲಿ ಕಚ್ಛ್ ಕೊಲ್ಲಿಯ ಸಾಗರ ರಾಷ್ಟ್ರೀಯ ಉದ್ಯಾನ 1982ರಲ್ಲಿಯೂ, ಅಂಡಮಾನಿನ ವಂಡೂರಿನದು 1983ರಲ್ಲಿಯೂ, ತಮಿಳುನಾಡಿನ ಮನ್ನಾರ್ ಕೊಲ್ಲಿಯ 21 ದ್ವೀಪಗಳ ಉದ್ಯಾನ 1986ರಲ್ಲಿಯೂ ಸ್ಥಾಪನೆಯಾದವು. ಒಡಿಶಾದ ಗಹಿರ್ಮಥಾ ಅಭಯಾರಣ್ಯ 1997ರಿಂದ ಲಕ್ಷಾಂತರ ಕಡಲಾಮೆಗಳಿಗೆ ಆಸರೆಯಾಗಿದೆ. ಆದರೆ ಮಹಾರಾಷ್ಟ್ರದ ಮಾಲವಣ್‌ನಲ್ಲಿ 1987ರಲ್ಲಿ ಸಾಗರ ಅಭಯಾರಣ್ಯ ಘೋಷಣೆಯಾದಾಗ ಸ್ಥಳೀಯ ಮೀನುಗಾರರು ಅದನ್ನು ತೀವ್ರವಾಗಿ ವಿರೋಧಿಸಿದರು. ಜೀವನೋಪಾಯಕ್ಕೆ ಕುತ್ತು ಬಂದೀತೆಂಬ ಅವರ ಭೀತಿಯನ್ನು ಅಜ್ಞಾನವೆಂದು ತಳ್ಳಿಹಾಕುವುದು ಸಲ್ಲದು. ಮೀಸಲಿನ ಫಲ ಕೈಗೆ ಬರಲು ಕೆಲವು ವರ್ಷಗಳು ಬೇಕು. ಅಲ್ಲಿಯವರೆಗೆ ಒಲೆ ಉರಿಯಬೇಕಾದುದು ಬೆಸ್ತನ ಮನೆಯಲ್ಲಿ. ಅವನನ್ನು ಕೇಳದೆ ಎಳೆದ ಗೆರೆ ನಕ್ಷೆಯ ಮೇಲೆ ಉಳಿದೀತೇ ಹೊರತು ನೀರಿನಲ್ಲಿ ಉಳಿಯಲಾರದು.

ಮಿತಿಗಳೂ ಉಂಟು

ಸಂರಕ್ಷಿತ ಪ್ರದೇಶವು ಸರ್ವರೋಗ ನಿವಾರಕವಲ್ಲ. ನಗರದ ಕೊಳಚೆಗೂ ತೇಲಿ ಬರುವ ಪ್ಲಾಸ್ಟಿಕ್ಕಿಗೂ ಗಡಿರೇಖೆ ತಿಳಿಯದು. 1998ರಲ್ಲಿ ಸಮುದ್ರದ ನೀರು ಬಿಸಿಯೇರಿದಾಗ ಮನ್ನಾರ್ ಕೊಲ್ಲಿಯ ಹವಳಗಳು ರಕ್ಷಣೆಯಿದ್ದೂ ಬಿಳಚಿಕೊಂಡವು. ಸಾವಿರಾರು ಕಿಲೋಮೀಟರ್ ಸಂಚರಿಸುವ ಟ್ಯೂನಾದಂಥ ಮೀನುಗಳಿಗೆ ಒಂದು ಸಣ್ಣ ಮೀಸಲು ಸಾಲದು. ಗೋಟ್ ಐಲೆಂಡಿನಲ್ಲಿಯೂ ಗಡಿಯಂಚಿನ ಮೀನುಗಾರಿಕೆಯ ಪರಿಣಾಮವಾಗಿ ಲಾಬ್‌ಸ್ಟರುಗಳ ಸಂಖ್ಯೆ ಮುಂದೆ ಇಳಿಯಿತು. ಮೀಸಲಿನ ವಿಸ್ತಾರವೂ, ಕಾವಲೂ, ಹೊರಗಿನ ಮೀನುಗಾರಿಕೆಯ ಹತೋಟಿಯೂ ಒಟ್ಟುಗೂಡಿದರೆ ಮಾತ್ರ ಪೂರ್ಣ ಫಲ.

2022ರ ಡಿಸೆಂಬರಿನಲ್ಲಿ ಮಾಂಟ್ರಿಯಲ್ ನಗರದಲ್ಲಿ ಸೇರಿದ ರಾಷ್ಟ್ರಗಳು 2030ರ ಹೊತ್ತಿಗೆ ಜಗತ್ತಿನ ನೆಲದ ಮತ್ತು ಕಡಲಿನ ಶೇಕಡಾ 30 ಭಾಗವನ್ನು ಸಂರಕ್ಷಿಸುವ ಗುರಿಯನ್ನು ಒಪ್ಪಿಕೊಂಡವು. ಯಾವ ದೇಶಕ್ಕೂ ಸೇರದ ನಡುಗಡಲಿನಲ್ಲಿಯೂ ಇಂಥ ಮೀಸಲುಗಳನ್ನು ಸ್ಥಾಪಿಸಲು 2023ರಲ್ಲಿ ವಿಶ್ವಸಂಸ್ಥೆಯ ಒಪ್ಪಂದವೊಂದು ಅಂಗೀಕೃತವಾಯಿತು. ಗುರಿ ಇನ್ನೂ ದೂರವಿದೆ. ರಕ್ಷಿತವೆಂದು ಹೆಸರಾದ ಕಡಲಿನಲ್ಲಿಯೂ ಪೂರ್ಣ ಮೀಸಲಿನ ಪಾಲು ಚಿಕ್ಕದು.

ಕರಾವಳಿಯ ಬಡವನ ತಟ್ಟೆಯಲ್ಲಿ ಅನ್ನದ ಜೊತೆಗಿರುವ ಪೌಷ್ಟಿಕಾಂಶವೆಂದರೆ ಬಹುಮಟ್ಟಿಗೆ ಮೀನೇ. ಆ ತಟ್ಟೆ ಬರಿದಾಗಬಾರದೆಂದಾದರೆ ಕಡಲಿನ ಒಂದು ಪಾಲನ್ನು ಮುಟ್ಟದೆ ಬಿಡಬೇಕು. ಶೃಂಗೇರಿಯ ಮೆಟ್ಟಿಲುಗಳಲ್ಲಿ ಭಕ್ತಿ ಕಲಿಸಿದ ಈ ಸಂಯಮವನ್ನೇ ಸುಮಿಲೋನಿನ ಬೆಸ್ತರು ನಷ್ಟದಿಂದ ಕಲಿಯಬೇಕಾಯಿತು.