ಹೊನ್ನಿನ ಊರಿನಲ್ಲಿ ಹಸುರಿನ ಪಾಠ

ಕೋಲಾರದ ಚಿನ್ನದ ಗಣಿ ಪ್ರದೇಶದ ಮಕ್ಕಳಿಗೆ ಗುಡ್ಡವೆಂದರೆ ಊರಿನ ಪಕ್ಕದಲ್ಲಿಯೇ ಎದ್ದು ನಿಂತಿರುವ ಸೈನೈಡ್ ಗುಡ್ಡ. 1880ರಲ್ಲಿ ಜಾನ್ ಟೇಲರ್ ಕಂಪನಿ ಕೈಹಾಕಿದ ಗಣಿಯ ಕೆಲಸವು 2001ರ ಫೆಬ್ರುವರಿ 28ರಂದು ನಿಂತಿತು. ಬಂಡೆಯನ್ನು ಹಿಟ್ಟಿನಂತೆ ಅರೆದು, ಸೈನೈಡ್ ದ್ರಾವಣದಿಂದ ಚಿನ್ನವನ್ನು ಬೇರ್ಪಡಿಸಿದ ಮೇಲೆ ಉಳಿದ ಪುಡಿಯ ರಾಶಿ ಮಾತ್ರ ಅಲ್ಲಿಯೇ ಉಳಿದಿದೆ. ಗಾಳಿ ಬೀಸಿದಾಗ ಅದರ ಧೂಳು ಮನೆಯಂಗಳಕ್ಕೂ ಬರುತ್ತದೆ. ‘ಅದರ ಮೇಲೆ ಗಿಡವೇಕೆ ಬೆಳೆಯುವುದಿಲ್ಲ?’ ಎಂದು ಮಗು ಕೇಳಿದರೆ ‘ಅದು ವಿಷ, ಹತ್ತಿರ ಹೋಗಬೇಡ’ ಎಂದು ಹಿರಿಯರು ಗದರುತ್ತಾರೆ. ಎಚ್ಚರಿಕೆ ಅಗತ್ಯವೇ, ಆದರೆ ಮಗುವಿನ ಪ್ರಶ್ನೆಗೆ ಅದು ಅರ್ಧ ಉತ್ತರ.

ಉಳಿದರ್ಧ ಅಡುಗೆಮನೆಯಲ್ಲಿದೆ. ಅವರೆಕಾಯಿಯ ಕಾಲದಲ್ಲಿ ಕಾಳು ನೆನೆಹಾಕಿ ಸಿಪ್ಪೆ ಹಿದುಕುವ ಕೆಲಸಕ್ಕೆ ಮಕ್ಕಳೂ ಕೂಡುತ್ತಾರೆ. ಆಗ ಎರಡು ಬೇಳೆಗಳನ್ನು ಬಿಡಿಸಿ, ನಡುವೆ ಅಡಗಿರುವ ಪುಟ್ಟ ಮೊಳಕೆಯನ್ನು ತೋರಿಸಬಹುದು. ಎಳೆಯ ಸಸಿಗೆ ಆ ಬೇಳೆಯೇ ತಾಯಿ ಕಟ್ಟಿಕೊಟ್ಟ ಬುತ್ತಿ. ಎರಡು ತೆಂಗಿನ ಕರಟಗಳಲ್ಲಿ, ಒಂದಕ್ಕೆ ಗೊಬ್ಬರ ಬೆರೆಸಿದ ಮಣ್ಣನ್ನೂ ಇನ್ನೊಂದಕ್ಕೆ ಶುದ್ಧವಾದ ಕಲ್ಲುಪುಡಿಯನ್ನೂ ತುಂಬಿ ಒಣಗಿದ ಅವರೆಕಾಳು ಬಿತ್ತಿದರೆ, ಎರಡೂ ಕಡೆ ಮೊಳಕೆ ಬರುತ್ತದೆ. ಬುತ್ತಿ ಮುಗಿದ ಮೇಲೆ ಕಲ್ಲುಪುಡಿಯ ಸಸಿ ಸೊರಗತೊಡಗುತ್ತದೆ. ಕೊಳೆತ ಎಲೆ, ಎರೆಹುಳು, ಕಣ್ಣಿಗೆ ಕಾಣದ ಜೀವಾಣುಗಳು ಸೇರಿದಾಗಲೇ ಪುಡಿ ಮಣ್ಣಾಗುವುದೆಂಬುದು ಮಗುವಿಗೆ ಹೊಳೆಯುತ್ತದೆ. (ಈ ಪ್ರಯೋಗಕ್ಕೆ ಸೈನೈಡ್ ಗುಡ್ಡದ ಪುಡಿಯನ್ನು ಮುಟ್ಟಲೇಕೂಡದು.)

ಮುಂದಿನ ಪಾಠಕ್ಕೆ ಬಂಗಾರಪೇಟೆಯ ಕಡೆಯ ಹಳ್ಳಿಗಳಿಗೆ ಹೋಗಬೇಕು. ಕೋಲಾರ ಜಿಲ್ಲೆ ಹಿಪ್ಪುನೇರಳೆಗೂ ರೇಷ್ಮೆಗೂ ಹೆಸರಾದುದು. ಸಾಸಿವೆಗಿಂತ ಚಿಕ್ಕ ಮೊಟ್ಟೆಯಿಂದ ಹೊರಟ ಹುಳು, ನಾಲ್ಕು ಸಲ ಪೊರೆ ಕಳಚಿ, ಒಂದು ತಿಂಗಳೊಳಗೆ ಬೆರಳುದ್ದವಾಗುತ್ತದೆ. ಪೊರೆ ಬಿಡುವ ಮುನ್ನ ಅದು ಮೇವು ಬಿಟ್ಟು ಸುಮ್ಮನಿರುವುದನ್ನು ರೈತರು ‘ಜ್ವರ’ ಎನ್ನುತ್ತಾರೆ. ಹಣ್ಣಾದ ಹುಳು ಒಂದೇ ಎಳೆಯಿಂದ ಗೂಡು ಕಟ್ಟುತ್ತದೆ. ಸಾವಿರಾರು ವರ್ಷ ಮನುಷ್ಯನ ಆರೈಕೆಯಲ್ಲಿಯೇ ಬೆಳೆದುಬಂದುದರಿಂದ ಅದರ ಚಿಟ್ಟೆ ಹಾರುವುದನ್ನೇ ಮರೆತಿದೆ. ಮನುಷ್ಯ ಕೈಬಿಟ್ಟರೆ ಅದಕ್ಕೆ ಬಾಳಿಲ್ಲ. ಹುಳುವಿಗೆ ಎಲೆ ಬೇಕು, ಎಲೆಗೆ ಜೀವವುಳ್ಳ ಮಣ್ಣು ಬೇಕು. ಅವರೆಯ ಪಾಠವೂ ರೇಷ್ಮೆಯ ಪಾಠವೂ ಹೀಗೆ ಒಂದೆಡೆ ಕೂಡುತ್ತವೆ.

ಸಸ್ಯಶಾಸ್ತ್ರಜ್ಞ ಬಿ.ಜಿ.ಎಲ್. ಸ್ವಾಮಿಯವರು ವಿದ್ಯಾರ್ಥಿಗಳನ್ನು ಕಾಡಿಗೆ ಕರೆದೊಯ್ದು ಗಿಡಗಳ ಎದುರಿನಲ್ಲಿಯೇ ಪಾಠ ಹೇಳಿದರು. ಆ ಸಂಚಾರಗಳಿಂದ ಹುಟ್ಟಿ, 1978ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಕೃತಿಯ ಹೆಸರು ‘ಹಸುರು ಹೊನ್ನು’. ಗಣಿಯ ಊರಿಗೆ ಈ ಹೆಸರು ಎಷ್ಟು ಒಪ್ಪುತ್ತದೆ! ನೆಲದೊಳಗಿನ ಹೊನ್ನಿನ ಕಾಲ ಮುಗಿದಿದೆ. ಧೂಳಿನ ಗುಡ್ಡದೊಡನೆ ಬಾಳಬೇಕಾದವರು ಇಂದಿನ ಮಕ್ಕಳು. ಅದಕ್ಕೆ ಹಸುರು ಹೊದಿಸುವ ಕೆಲಸ ನಾಳೆ ಅವರ ಪಾಲಿಗೆ ಬರುವುದಾದರೆ, ಮಣ್ಣೆಂದರೇನೆಂಬುದನ್ನು ಇಂದೇ ಅವರು ಕರಟದಲ್ಲಿ ಕಂಡಿರುವುದು ಒಳ್ಳೆಯದಲ್ಲವೇ?