ಗೋಡೆ ಸ್ಪಷ್ಟ, ಅಜ್ಜಿ ಮಬ್ಬು! ಹಳೇ ಕ್ಯಾಮೆರಾದ ಕಣ್ಣು ತಿದ್ದಲು ಗೋಪಾಲಸ್ವಾಮಿ ಬೆಟ್ಟ

ಗುಂಡ್ಲುಪೇಟೆ, ಚಾಮರಾಜನಗರದ ಹಳೇ ಮನೆಗಳ ಟ್ರಂಕಿನಲ್ಲಿ ಏನೇನಿದೆಯೋ ಬಲ್ಲವರಾರು? ಮದುವೆ ಸೀರೆ, ಜಮೀನಿನ ಪತ್ರ, ತಾತನ ಕೋಟು. ಒಮ್ಮೊಮ್ಮೆ ಆ ಕೋಟಿನ ಅಡಿಯಲ್ಲಿ ಕರೀ ಚರ್ಮ ಹೊದಿಸಿದ ಒಂದು ಚಪ್ಪಟೆ ಪೆಟ್ಟಿಗೆ. ಗುಂಡಿ ಒತ್ತಿದರೆ ಮುಚ್ಚಳ ತೆರೆದು, ಹಾರ್ಮೋನಿಯಂ ತಿದಿಯಂಥ ಮಡಿಕೆಗಳನ್ನು ಎಳೆದುಕೊಂಡು ಲೆನ್ಸು ಮುಂದಕ್ಕೆ ಬರುತ್ತದೆ. ಅದೇ ಫೋಲ್ಡಿಂಗ್ ಕ್ಯಾಮೆರಾ. ಜರ್ಮನಿಯ ಆಗ್ಫಾ ಐಸೊಲೆಟ್, ಜೈಸ್ ಐಕಾನ್ ನೆಟ್ಟರ್ ಇವೆಲ್ಲ 1950ರ ದಶಕದಲ್ಲಿ ಹೆಸರು ಮಾಡಿದ ಮಾಲು.

ಇಂಥ ಕ್ಯಾಮೆರಾ ಸಿಕ್ಕ ಒಂದು ಮನೆಯ ಮಾತು ತೆಗೆದುಕೊಳ್ಳಿ. ಮೊಮ್ಮಗನಿಗೆ ಆಸೆ. ಅಜ್ಜಿಗೆ ಎಂಬತ್ತು ದಾಟಿದೆ. ಅವರದು ಅಂತ ಮನೆಯಲ್ಲಿ ಇರುವುದು ರೇಷನ್ ಕಾರ್ಡಿನ ಫೋಟೋ ಒಂದೇ. ತಾತನ ಕ್ಯಾಮೆರಾದಲ್ಲೇ ಅಜ್ಜಿಯ ಪಟ ತೆಗೆಯೋಣ ಎಂದು ದುಡ್ಡು ಸುರಿದು ರೀಲು ತರಿಸುತ್ತಾನೆ. ಅಜ್ಜಿಯನ್ನು ಜಗಲಿಯ ಮುಂದೆ ಕೂರಿಸಿ, ಎಂಟು ಅಡಿ ಅಳೆದು, ಉಂಗುರವನ್ನು 8ಕ್ಕೆ ತಿರುಗಿಸಿ ಹನ್ನೆರಡೂ ಪಟ ತೆಗೆಯುತ್ತಾನೆ. ತೊಳೆಸಿ ತಂದರೆ ಹನ್ನೆರಡೂ ಮಬ್ಬು!

ಅಜ್ಜಿ ಕನ್ನಡಕ ಏರಿಸಿ ನೋಡುತ್ತಾರೆ. "ಏನ್ ಕೂಸು, ನನ್ ಮೊಕವೇ ಕಾಣ್ದು. ಹಿಂದ್ಗಡೆ ಗ್ವಾಡೆ ಮಾತ್ರ ಚೆಂದಾಗಿ ಬಂದದಲ್ಲ!"

ಅಜ್ಜಿ ನಗುತ್ತ ಹೇಳಿದ ಈ ಮಾತಿನಲ್ಲೇ ರೋಗದ ಗುರುತು ಇದೆ. ಆದರೆ ಬಹಳ ಜನ ಅಲ್ಲಿಗೇ ಕೈಬಿಡುತ್ತಾರೆ. "ಕೆಟ್ಟೋಗದ, ಗುಜರಿಗೆ ಹಾಕು" ಎನ್ನುತ್ತಾರೆ. ಇಲ್ಲವೇ ಷೋಕೇಸಿನಲ್ಲಿ ಗೊಂಬೆಯ ಪಕ್ಕ ಇಡುತ್ತಾರೆ.

ಮುಳ್ಳು ಸರಿಯಿಲ್ಲದ ತಕ್ಕಡಿ

ಅಂಗಡಿ ಇಟ್ಟವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ತೂಕ ಹಾಕುವ ಮೊದಲು ಖಾಲಿ ತಕ್ಕಡಿಯ ಮುಳ್ಳು ನಡುವೆ ನಿಲ್ಲಬೇಕು. ಅದು ಓರೆಯಾಗಿದ್ದರೆ ಎಷ್ಟು ಒಳ್ಳೆಯ ಬಟ್ಟು ಇಟ್ಟರೂ ತೂಕ ತಪ್ಪೇ. ಕ್ಯಾಮೆರಾಕ್ಕೂ ಹಾಗೊಂದು ಮುಳ್ಳು ಉಂಟು. ಉಂಗುರದ ಮೇಲೆ ಅಡ್ಡ ಮಲಗಿದ ಎಂಟರಂಥ ಗುರುತು ಇರುತ್ತದಲ್ಲ, ಅದೇ. ಅನಂತ ದೂರ ಎಂದು ಅದರರ್ಥ. ಉಂಗುರ ಅಲ್ಲಿಗೆ ಬಂದಾಗ ದೂರದ ಬೆಟ್ಟ ಸ್ಪಷ್ಟವಾಗಿ ಮೂಡಬೇಕು. ಅದು ತಪ್ಪಿದರೆ ಎಂಟು ಅಡಿಯೂ ತಪ್ಪು, ಹತ್ತು ಅಡಿಯೂ ತಪ್ಪು. ಎಂಟು ಅಡಿಯ ಅಜ್ಜಿಯನ್ನು ಬಿಟ್ಟು ಹದಿಮೂರು ಅಡಿಯ ಗೋಡೆ ಸ್ಪಷ್ಟವಾಗುವುದು ಹೀಗೆ.

ತಪ್ಪುವುದೇಕೆ? ಈ ಕ್ಯಾಮೆರಾಗಳಲ್ಲಿ ಹೆಚ್ಚಿನವುಗಳ ಲೆನ್ಸಿನ ಮುಂದಿನ ಗಾಜು ಮಾತ್ರ ತಿರುಪಿನ ಮೇಲೆ ತಿರುಗಿ ಹಿಂದೆ ಮುಂದೆ ಸರಿಯುತ್ತದೆ. ಕೂದಲೆಳೆಯಷ್ಟು ಸರಿದರೂ ಲೆಕ್ಕ ಬದಲು. ಹಿಂದೆ ಯಾರೋ ಬಿಚ್ಚಿ ಒರೆಸಿ ಅಂದಾಜಿನಲ್ಲಿ ಕೂರಿಸಿರಬಹುದು. ಆಗ್ಫಾದಲ್ಲಂತೂ ತಿರುಪಿಗೆ ಹಚ್ಚಿದ ಗ್ರೀಸು ವರ್ಷಗಳು ಕಳೆದಂತೆ ಅರಗಿನ ಹಾಗೆ ಗಟ್ಟಿಯಾಗುತ್ತದೆ. ಆಗ ಮುಂದಿನ ಗಾಜು ತಿರುಗಿಸಿದರೆ ಅದರ ಹಿಂದಿನದೂ ಅಂಟಿಕೊಂಡು ಬಿಚ್ಚಿ ಬರುತ್ತದೆ. ಇಕ್ಕಳ ಹಾಕಿ ಬಲ ಬಿಡಬಾರದು. ತಿರುಪಿನ ಸಂದಿಗೆ ಲೈಟರ್ ಪೆಟ್ರೋಲು ಒಂದೆರಡು ತೊಟ್ಟು ಬಿಟ್ಟು ಕಾಯಬೇಕು. ಬೆಂಕಿ, ಬೀಡಿ ಹತ್ತಿರ ಸುಳಿಯಬಾರದು.

ಬೆಟ್ಟ ನೋಡಿ ತಿದ್ದುವ ಬಗೆ

ಗುಂಡ್ಲುಪೇಟೆಯವರಿಗೆ ಹಿಮವದ್ ಗೋಪಾಲಸ್ವಾಮಿ ಬೆಟ್ಟ, ಚಾಮರಾಜನಗರದವರಿಗೆ ಬಿಳಿಗಿರಿರಂಗನ ಬೆಟ್ಟಸಾಲು. ಇದಕ್ಕಿಂತ ಒಳ್ಳೆಯ ಗುರಿ ಬೇಕೇ? ಮಂಜು ಸರಿದ ಬೆಳಗ್ಗೆ ಮಾಳಿಗೆ ಹತ್ತಬೇಕು. ಮಂಜಿದ್ದರೆ ಅರ್ಧ ಕಿಲೋಮೀಟರ್ ಆಚೆಯ ನೀರಿನ ಟ್ಯಾಂಕಾದರೂ ನಡೆದೀತು.

ಕ್ಯಾಮೆರಾದಲ್ಲಿ ರೀಲು ಇರಕೂಡದು. ಹಿಂಬಾಗಿಲು ತೆರೆದರೆ ಕಿಟಕಿಯ ಎರಡು ಬದಿಗೂ ಎರಡೆರಡು ಹಳಿಗಳು ಕಾಣುತ್ತವೆ. ಫಿಲಂ ಕೂರುವುದು ಒಳಗಿನ ಜೋಡಿಯ ಮೇಲೆ. ಮಬ್ಬು ಗಾಜಿನ ಚೂರೊಂದನ್ನು, ಮಬ್ಬು ಮೈ ಲೆನ್ಸಿನ ಕಡೆಗೆ ಬರುವಂತೆ, ಆ ಒಳಹಳಿಯ ಮೇಲೆಯೇ ಇಡಬೇಕು. ಗಾಜು ಸಿಗದಿದ್ದರೆ ಬಟರ್ ಪೇಪರನ್ನು ಬಿಗಿಯಾಗಿ ಹಾಸಿ, ಹಿಂದೆ ಬರೀ ಗಾಜು ಒತ್ತಿದರೂ ಆದೀತು. ಷಟರನ್ನು 'ಬಿ' ಗುರುತಿಗೆ ತಂದು ತೆರೆದು ಹಿಡಿದು, ಲೆನ್ಸಿನ ಕಂಡಿಯನ್ನು ಪೂರ್ತಿ ಅಗಲಿಸಿದರೆ ಬೆಟ್ಟ ತಲೆಕೆಳಗಾಗಿ ಗಾಜಿನ ಮೇಲೆ ಮೂಡುತ್ತದೆ. ವಾಚ್ ರಿಪೇರಿಯವರ ಭೂತಗನ್ನಡಿಯಲ್ಲಿ ಅದನ್ನು ನೋಡಬೇಕು.

ಅನಂತದ ಗುರುತಿನಲ್ಲಿ ಬೆಟ್ಟ ಮಬ್ಬಾಗಿ, 20 ಅಡಿಗೆ ತಿರುಗಿಸಿದಾಗ ಸ್ಪಷ್ಟವಾಯಿತೆನ್ನಿ. ಕಳ್ಳ ಸಿಕ್ಕಿದ! ಉಂಗುರದ ಸುತ್ತ ಮೂರು ಪುಟ್ಟ ಸ್ಕ್ರೂಗಳಿರುತ್ತವೆ. ಅವನ್ನು ಸಡಿಲಿಸಿದರೆ ಗಾಜನ್ನು ಅಲುಗಿಸದೆ ಉಂಗುರವೊಂದನ್ನೇ ಅನಂತದ ಗುರುತಿಗೆ ತಂದು, ಮೂರನ್ನೂ ಸಮವಾಗಿ ಬಿಗಿಯಬಹುದು. ಆಮೇಲೆ ಎಂಟು ಅಡಿ ದೂರಕ್ಕೆ ನ್ಯೂಸ್ ಪೇಪರ್ ಹಿಡಿದು, ತಲೆಬರಹದ ಅಕ್ಷರ ಗಾಜಿನ ಮೇಲೆ ಸ್ಪಷ್ಟವಾಗಿ ಬೀಳುತ್ತದೆಯೇ ಎಂದು ತಾಳೆ ನೋಡಬೇಕು. ಅಳತೆ ಲೆನ್ಸಿನಿಂದಲ್ಲ, ಫಿಲಂ ಕೂರುವ ಜಾಗದಿಂದ.

ಎಚ್ಚರಿಕೆ ಒಂದು: ಮುಂದಿನ ಗಾಜನ್ನು ಪೂರ್ತಿ ಬಿಚ್ಚುವುದೇ ಆದರೆ ಮೊದಲು ಗುರುತು ಹಾಕಿಕೊಳ್ಳಿ. ಆ ತಿರುಪಿಗೆ ಒಂದಕ್ಕಿಂತ ಹೆಚ್ಚು ಬಾಯಿ ಇರುತ್ತದೆ. ತಪ್ಪು ಬಾಯಿಗೆ ಹತ್ತಿಸಿದರೆ ಬೆಟ್ಟ ಎಂದೂ ಸ್ಪಷ್ಟವಾಗದು. ಇನ್ನೊಂದು: ಪಟದ ಒಂದು ಬದಿ ಮಾತ್ರ ಮಬ್ಬಾದರೆ ಉಂಗುರ ಮುಟ್ಟಬೇಡಿ. ಲೆನ್ಸು ಹೊತ್ತ ತೋಳು ಬಗ್ಗಿದೆ, ಇಲ್ಲವೇ ಪೂರ್ತಿ ಚಾಚಿ ಲಾಕಾಗಿಲ್ಲ. ಹಾಗೆಯೇ ರೀಲು ಸುತ್ತಿದ ಮೇಲೆ ಕ್ಯಾಮೆರಾವನ್ನು ಪಟ್ಟನೆ ತೆರೆದರೆ ತಿದಿ ಗಾಳಿ ಎಳೆದು ಫಿಲಂ ಉಬ್ಬುತ್ತದೆ. ಮೊದಲು ಮೆಲ್ಲಗೆ ತೆರೆಯಿರಿ, ಆಮೇಲೆ ಸುತ್ತಿರಿ. ತಿದಿಯಲ್ಲಿ ತೂತು, ಲೆನ್ಸಿನಲ್ಲಿ ಬೂಷ್ಟು ಇದ್ದರೆ ಅದು ಬೇರೆ ಕಾಯಿಲೆ. ಬಲ್ಲವರಿಗೆ ತೋರಿಸುವುದೇ ಲೇಸು.

ಊಟಿ ದಾರಿಯ ನೆನಪು

ಗುಂಡ್ಲುಪೇಟೆಗೆ ಫಿಲಂ ಪರಕೀಯವಲ್ಲ. ಬಂಡೀಪುರ ದಾಟಿ ಹೋಗುವ ಊಟಿ ಬಸ್ಸು ಇಲ್ಲಿಂದಲೇ ತಾನೆ? ಅದೇ ಊಟಿಯಲ್ಲಿ 1960ರಲ್ಲಿ ಸ್ಥಾಪನೆಯಾದ ಸರ್ಕಾರಿ ಹಿಂದೂಸ್ತಾನ್ ಫೋಟೋ ಫಿಲಂಸ್ ಕಾರ್ಖಾನೆ 'ಇಂದು' ಹೆಸರಿನ ಕಪ್ಪು ಬಿಳುಪು ಫಿಲಂ ತಯಾರಿಸುತ್ತಿತ್ತು. ಆ ಕಾರ್ಖಾನೆ ಈಗ ಮುಚ್ಚಿದೆ. ಆದರೆ ಈ ಕ್ಯಾಮೆರಾಗಳಿಗೆ ಬೇಕಾದ 120 ನಂಬರಿನ ರೀಲು, ಕೊಡಕ್ ಕಂಪನಿ 1901ರಲ್ಲಿ ಹೊರತಂದದ್ದು, ಇಂದಿಗೂ ತಯಾರಾಗುತ್ತಿದೆ. ಬೆಲೆ ಮಾತ್ರ ಕೈ ಸುಡುತ್ತದೆ. ಚದರ ಅಳತೆಯಲ್ಲಿ ಸಿಗುವುದು ಹನ್ನೆರಡೇ ಪಟ. ಆದ್ದರಿಂದಲೇ ರೀಲು ಹಾಕುವ ಮೊದಲು ಒಂದು ಬೆಳಗ್ಗೆ ಬೆಟ್ಟ ನೋಡುವುದು ಲಾಭ.

ಮೊಮ್ಮಗ ಈ ಸಲ ಆತುರ ಪಡುವುದಿಲ್ಲ. ಮಾಳಿಗೆ ಇಳಿದು ಬಂದು, ದರ್ಜಿ ಅಂಗಡಿಯ ಟೇಪು ಇಸಕೊಂಡು ಅಳೆಯುತ್ತಾನೆ. ಅಜ್ಜಿ ಸೆರಗು ಸರಿಮಾಡಿಕೊಂಡು ಕೇಳುತ್ತಾರೆ: "ಈಗ್ಲಾರ ನನ್ ಮೊಕ ಬಂದದಾ, ಕೂಸು?"

"ಬಂದದೆ ಕಣಜ್ಜಿ. ಅಲುಗ್ಬೇಡ, ಅಷ್ಟೇಯ."